ಗಾಳಿ ಸೋಕಿದವಳಲ್ಲ

ಹಾಸನದ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ನಾವು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆವು. ಪಾಠ ಕೇಳುತ್ತಲೇ ಬರೆದುಕೊಳ್ಳುವ ಚುರುಕು ನನಗಿರಲಿಲ್ಲ, ರಾತ್ರಿ ಅವಳ ನೋಟ್ಸ್ ಇಟ್ಟುಕೊಂಡು ನಕಲು ಮಾಡುತ್ತಿದ್ದೆ. ಅವಳು ತಲಕಟ್ಟನ್ನು ಅಕ್ಷರಕ್ಕೆ ತಾಗಿಸುತ್ತಿರಲಿಲ್ಲ. ಸ್ವಲ್ಪ ಮೇಲೆ ತೇಲಿಬಿಡುತ್ತಿದ್ದಳು. ಒಂದು ಪುಟ ತುಂಬಿದರೆ ಕೆರೆಯ ಮೇಲಿಂದ ಕೊಕ್ಕರೆಗಳು ಎದ್ದ ಹಾಗೆ ಕಾಣುತ್ತಿತ್ತು.

ಅವಳಿಗೂ ಕೊನೆಯ ಕೋಣೆಯ ಹುಡುಗಿಗೂ ಪ್ರೀತಿ. ಅದು ಮನೆಯವರಿಗೆ ಹೇಗೆ ತಿಳಿಯಿತೋ, ಒಂದು ಬೆಳಿಗ್ಗೆ ಅಪ್ಪ ಮತ್ತು ಸೋದರಮಾವ ಜೀಪಿನಲ್ಲಿ ಬಂದು ಟ್ರಂಕಿನ ಸಮೇತ ಕರೆದುಕೊಂಡು ಹೋದರು. ಪರೀಕ್ಷೆಗೆಂದು ಮರಳಿದ್ದು ಎರಡು ತಿಂಗಳ ಮೇಲೆ. ತೋಳಿಗೆ ಕಪ್ಪು ದಾರ, ಕತ್ತಿನಲ್ಲಿ ತಾಯಿತ. ತಲೆಗೆ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಕೂದಲಿನಿಂದ ಸುಟ್ಟ ಮೆಣಸಿನಕಾಯಿಯ ಘಾಟು ಹೋಗಿರಲಿಲ್ಲ. ಬಲ ಅಂಗೈಯ ನಡುವೆ ಕರ್ಪೂರ ಉರಿಸಿದ ದುಂಡನೆಯ ಗಾಯ. ಪೆನ್ನು ಹಿಡಿಯಲು ಕಷ್ಟಪಡುತ್ತಿದ್ದಳು. ‘ಆ ಹುಡುಗಿಗೆ ಗಾಳಿ ಸೋಕಿತ್ತಂತೆ, ಈಗ ಬಿಟ್ಟಿದೆಯಂತೆ’ ಎಂದು ಅಡುಗೆಯಾಕೆ ಸಾರು ಬಡಿಸುತ್ತ ಹೇಳಿದರು. ಮೂರನೇ ವರ್ಷಕ್ಕೆ ಅವಳು ಬರಲಿಲ್ಲ. ಮದುವೆಯಾಯಿತು ಎಂಬ ಸುದ್ದಿ ಬಂತು.

ನಾನು ಅಂದು ಅವಳ ಹತ್ತಿರ ಒಂದು ಮಾತನ್ನೂ ಕೇಳಲಿಲ್ಲ. ನೋವಾಗುತ್ತಿದೆಯಾ ಎಂದು ಕೂಡ ಕೇಳಲಿಲ್ಲ. ನಾನೂ ಅವಳಂಥವಳೇ ಎಂದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಕೇಳಿದರೆ ನನ್ನ ಮುಖ ನೋಡಿಯೇ ಯಾರಾದರೂ ಕಂಡುಹಿಡಿದುಬಿಡುತ್ತಾರೆ ಎಂದು ಹೆದರಿದ್ದೆ. ನಾನು ಬರೆದ ದೆವ್ವದ ಕಾದಂಬರಿಗೆ ಬೀಜ ಬಿದ್ದದ್ದು ಆ ಹೆದರಿಕೆಯಲ್ಲಿ. ಇಪ್ಪತ್ತು ವರ್ಷ ಅದು ಮೊಳೆಯಲಿಲ್ಲ.

2018ರ ಸೆಪ್ಟೆಂಬರ್ 6, ಗುರುವಾರ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಮಳೆಗಾಲದಲ್ಲಿ ಅಲ್ಲಿ ಅಷ್ಟೇನೂ ಗಡಿಬಿಡಿ ಇರುವುದಿಲ್ಲ. ಮಧ್ಯಾಹ್ನ ಮೊಬೈಲಿನಲ್ಲಿ ಸುದ್ದಿ ಕಂಡಿತು. ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಸುಪ್ರೀಂ ಕೋರ್ಟು ಹೊರಗಿಟ್ಟಿತ್ತು. ‘ಪ್ರಕೃತಿ ನಿಯಮಕ್ಕೆ ವಿರುದ್ಧ’ ಎಂಬ 1860ರ ಆ ಮಾತು ಇನ್ನು ನಮ್ಮ ತಲೆಯ ಮೇಲಿಲ್ಲ ಎಂದು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಂಗೈ. ಸಂಜೆ ಮನೆಗೆ ಬಂದು, ಬಳಸದೆ ಉಳಿದಿದ್ದ ಹಳೆಯ ಲೆಡ್ಜರ್ ಪುಸ್ತಕದ ಎಡಬದಿಯ ಹಾಳೆಗಳಲ್ಲಿ ಬರೆಯಲು ಕುಳಿತೆ.

ದೆವ್ವದ ಕಥೆಯೇ ಯಾಕೆ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಪ್ರೀತಿಯ ಬಗ್ಗೆ ಬರೆಯಬೇಕಿದ್ದರೆ ನೇರವಾಗಿ ಬರೆಯಬಹುದಿತ್ತಲ್ಲ ಎನ್ನುತ್ತಾರೆ. ನಾನು ಬೆಳೆದ ಮನೆಯಲ್ಲಿ ಹೆಣ್ಣಿನ ಮನಸ್ಸಿಗೆ ಏನೇ ಆದರೂ ಅದಕ್ಕಿದ್ದ ಭಾಷೆ ದೆವ್ವದ್ದೇ. ಊಟ ಬಿಟ್ಟರೆ ದೃಷ್ಟಿ. ಗಂಡನ ಮನೆಗೆ ಹೋಗಲು ಒಲ್ಲೆನೆಂದರೆ ಯಾರೋ ಮಾಟ ಮಾಡಿಸಿದ್ದಾರೆ. ಒಬ್ಬಳೇ ಕುಳಿತು ಅತ್ತರೆ ಚೌಡಿ ಬನದ ಹತ್ತಿರ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿದ್ದಳೇನೋ ನೋಡಿ ಎನ್ನುತ್ತಿದ್ದರು. ಈ ಭಾಷೆಯನ್ನು ಬಿಟ್ಟು ಬೇರೆ ಕಡೆಯಿಂದ ಮಾತು ತಂದರೆ ನನ್ನ ಅಮ್ಮನಿಗೆ ಅದು ತಲುಪುವುದಿಲ್ಲ. ದೆವ್ವದ ಭಾಷೆಯೊಳಗೇ ನಿಂತು, ಪ್ರೀತಿಯನ್ನು ಅದರ ಹಿಡಿತದಿಂದ ಬಿಡಿಸಿ ತರಬೇಕು. ನನಗೆ ಮೊದಲಿನಿಂದ ಸ್ಪಷ್ಟವಾಗಿ ಗೊತ್ತಿದ್ದದ್ದು ಇಷ್ಟೇ.

ಆದರೂ ಮೊದಲ ಸಲ ತಪ್ಪಿದೆ. ಒಂದು ವರ್ಷ ಬರೆದೆ, 140 ಪುಟವಾಯಿತು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆ, ಸಾಹುಕಾರರ ಮಗಳು ಗೌರಿ, ತೋಟದ ದವಾಖಾನೆಯ ನರ್ಸ್ ಲಿಲ್ಲಿ. ಮನೆಯಲ್ಲಿ ಒಂದು ಹೆಣ್ಣು ದೆವ್ವ. ಆ ದೆವ್ವ ಯಾರೆಂದರೆ, ಹಿಂದೆ ಅದೇ ಮನೆಯಲ್ಲಿ ಇನ್ನೊಬ್ಬ ಹೆಣ್ಣನ್ನು ಪ್ರೀತಿಸಿ ಬಾವಿಗೆ ಬಿದ್ದವಳು. ನನಗೆ ಬಹಳ ಚಂದ ಹೊಂದಿಕೊಂಡಿದೆ ಎನ್ನಿಸಿತ್ತು. ಹದಿನಾಲ್ಕು ವರ್ಷಗಳಿಂದ ನನ್ನ ಜೊತೆ ಬದುಕುತ್ತಿರುವವಳು ಲೆಡ್ಜರನ್ನು ಎರಡು ರಾತ್ರಿಗಳಲ್ಲಿ ಓದಿದಳು. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟು, “ಸತ್ತವಳು ನಮ್ಮವಳೇ ಯಾಕಾಗಬೇಕು?” ಎಂದು ಕೇಳಿದಳು.

ನಾನು ಉತ್ತರಿಸಲು ಹೊರಟು ಸುಮ್ಮನಾದೆ. ಪ್ರೀತಿಸಿದವಳು ಸಾಯುತ್ತಾಳೆ, ಸತ್ತವಳು ದೆವ್ವವಾಗುತ್ತಾಳೆ, ದೆವ್ವವಾದವಳನ್ನು ಉಚ್ಚಾಟಿಸುತ್ತಾರೆ. ನನ್ನ ಪಕ್ಕದ ಮಂಚದವಳ ಅಂಗೈಯಲ್ಲಿ ಮಂತ್ರವಾದಿ ಕರ್ಪೂರ ಹಚ್ಚುವಾಗ ಹೇಳಿದ ಕಥೆಯೂ ಇದೇ ಇದ್ದಿರಬೇಕು. ನಾನು ಅದನ್ನೇ ಒಳ್ಳೆಯ ಕನ್ನಡದಲ್ಲಿ ಮತ್ತೆ ಬರೆದಿದ್ದೆ. ಲೆಡ್ಜರನ್ನು ಅಟ್ಟಕ್ಕೆ ಹಾಕಿದೆ. ಎಂಟು ತಿಂಗಳು ಏನೂ ಬರೆಯಲಿಲ್ಲ.

ಹಾಗಾದರೆ ಆ ಮನೆಗೆ ಬರುತ್ತಿರುವುದು ಯಾರು? ಉತ್ತರ ಸಿಕ್ಕಿದ್ದು ಗೊರೂರಿನ ಹಿನ್ನೀರಿನಲ್ಲಿ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶೆಟ್ಟಿಹಳ್ಳಿ ಇದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅಲ್ಲಿ ಚಾವಣಿಯಿಲ್ಲದೆ ನಿಂತಿದೆ. ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಎಲ್ಲರೂ ಫೋಟೋ ತೆಗೆಯುವ ಜಾಗ. ನಾನೂ ಮೊದಲು ಚರ್ಚನ್ನು ನೋಡಲೆಂದೇ ಹೋಗಿದ್ದೆ, ಫೆಬ್ರುವರಿಯ ಒಂದು ಸಂಜೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚರ್ಚಲ್ಲ, ಅದರಾಚೆಯ ಬಯಲು. ನೀರು ಇಳಿದಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಬಿರುಕುಗಳ ನಡುವೆ ಸಾಲಾಗಿ ಕಲ್ಲು. ಹತ್ತಿರ ಹೋಗಿ ನೋಡಿದರೆ ಅದು ಯಾವುದೋ ಕಟ್ಟಡದ ತಳಪಾಯದ ಹಾಗಿತ್ತು. ಒಂದು ಕಡೆ ಕಲ್ಲು ಸವೆದು ನಯವಾಗಿತ್ತು. ಹೊಸ್ತಿಲೇ ಇರಬೇಕು ಎಂದುಕೊಂಡೆ. ಆಚೆ ದಡದಲ್ಲಿ ಯಾರೋ ದನ ಕರೆಯುತ್ತಿದ್ದರು. ನಾನು ಆ ಕಲ್ಲನ್ನು ದಾಟಿ ಒಳಗೆ ಕಾಲಿಡಬೇಕೋ ಬೇಡವೋ ಎಂದು ತಿಳಿಯದೆ ಚಪ್ಪಲಿ ಕಳಚಿ ನಿಂತೆ. ನನಗೆ ನಿಜವಾಗಿ ಮೈ ಜುಮ್ಮೆಂದಿತು, ಭಯದಿಂದಲ್ಲ, ಯಾರದೋ ಮನೆಗೆ ಕರೆಯದೆ ಬಂದೆನಲ್ಲ ಎಂಬ ಸಂಕೋಚದಿಂದ.

ಗೊರೂರು ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಹಳ್ಳಿಗಳು ಮುಳುಗಿದವು, ಜನ ಎದ್ದು ಹೋದರು, ಪರಿಹಾರದ ಕಾಗದಗಳು ಕೈಯಿಂದ ಕೈಗೆ ದಾಟಿದವು. ಹೇಮಾವತಿ ಹುಟ್ಟುವುದು ಎಲ್ಲಿ? ನಮ್ಮ ಜಿಲ್ಲೆಯಲ್ಲಿ, ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಅಂದರೆ ನನ್ನ ಕಾದಂಬರಿಯ ತೋಟ ಹೊಳೆಯ ತಲೆಯಲ್ಲಿದೆ, ಮುಳುಗಿದ ಊರು ಕೆಳಗಿದೆ. ಹಾಸನಕ್ಕೆ ಮರಳುವ ದಾರಿಯಲ್ಲಿ ದೆವ್ವ ನನಗೆ ಸಿಕ್ಕಿತ್ತು. ಅದು ಹೊಳೆಯ ಎದುರಿಗೆ ಹತ್ತಿ ಬರುತ್ತದೆ. ಮುಳುಗಡೆಯ ಕಾಲದಲ್ಲಿ ಗೌರಿಯ ಅಜ್ಜ ಯಾರ ಪರಿಹಾರದ ಹಣವನ್ನು ನುಂಗಿ ತೋಟ ಕೊಂಡರೋ, ಆ ಮನೆಯ ಹೆಣ್ಣುಮಗಳು ಅವಳು. ಲಿಲ್ಲಿಯ ಸಂಬಂಧಿ. ಗೌರಿ ಮತ್ತು ಲಿಲ್ಲಿಯ ಪ್ರೀತಿಗೂ ಅವಳಿಗೂ ಯಾವ ಲೆಕ್ಕವೂ ಇಲ್ಲ. ಅವಳಿಗೆ ತನ್ನ ಲೆಕ್ಕ ಬೇಕು.

ದೆವ್ವಕ್ಕೂ ಕಟ್ಟುಪಾಡು ಬೇಕು, ಇಲ್ಲದಿದ್ದರೆ ಓದುವವರು ಹೆದರುವುದಿಲ್ಲ. ಎಲ್ಲಿ ಬೇಕೆಂದರಲ್ಲಿ, ಯಾವಾಗ ಬೇಕೆಂದರೆ ಆವಾಗ ಬರುವ ದೆವ್ವ ಮೂರನೇ ಸಲಕ್ಕೆ ಮನೆಯ ಬೆಕ್ಕಾಗಿಬಿಡುತ್ತದೆ. ನನ್ನ ದೆವ್ವ ನೀರಿನ ದಾರಿಯಲ್ಲಿ ಮಾತ್ರ ಬರಬಲ್ಲದು: ತೋಡು, ಬಾವಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ತೊಟ್ಟಿ, ಬಚ್ಚಲ ಹಂಡೆ. ಅದರ ಗುರುತು ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆ ಹೆಜ್ಜೆ, ಹೊರಗಿನಿಂದ ಒಳಗೆ ಬಂದದ್ದಿದೆ, ಒಳಗಿನಿಂದ ಹೊರಗೆ ಹೋದದ್ದಿಲ್ಲ. ಹೀಗೆ ನಿಯಮ ಹಾಕಿಕೊಂಡ ಮೇಲೆ ಇಡೀ ಕಥೆ ಕಾಫಿಯ ಕ್ಯಾಲೆಂಡರಿನ ಮೇಲೆ ತಾನಾಗಿ ಕುಳಿತುಕೊಂಡಿತು. ಡಿಸೆಂಬರಿನಲ್ಲಿ ಹಣ್ಣು ಕೊಯ್ದು ಪಲ್ಪರ್ ಓಡಿಸುವಾಗ ತೋಟದ ತುಂಬ ನೀರು ಹರಿಯುತ್ತದೆ, ಆಗ ಅವಳಿಗೆ ಬಲ. ಫೆಬ್ರುವರಿಗೆ ತೋಡು ಬತ್ತುತ್ತದೆ. ದೆವ್ವ ಬಿಟ್ಟಿತು ಎಂದು ಮನೆಯವರು ನೆಮ್ಮದಿಯಿಂದ ಗೌರಿಗೆ ಏಪ್ರಿಲ್ ತಿಂಗಳಲ್ಲಿ ಮದುವೆ ಗೊತ್ತುಮಾಡುತ್ತಾರೆ. ಆದರೆ ಹೂ ಮಳೆ ಇದೆಯಲ್ಲ! ಕಾಫಿ ಬೆಳೆಯುವವರು ಆಕಾಶ ನೋಡುತ್ತ ಕಾಯುವ ಮಳೆ ಅದು. ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ, ಮಲ್ಲಿಗೆಯಂಥ ವಾಸನೆಗೆ ರಾತ್ರಿ ನಿದ್ದೆ ಬರುವುದಿಲ್ಲ. ಮನೆಯವರೆಲ್ಲ ಸಂತೋಷಪಡುವ ಆ ಮಳೆಯಲ್ಲೇ ಅವಳು ಮರಳಿ ಬರುತ್ತಾಳೆ. ಕೊನೆಯ ಆರು ಅಧ್ಯಾಯಗಳು ಆ ಹತ್ತು ದಿನಗಳಲ್ಲಿ ನಡೆಯುತ್ತವೆ.

ಕಾಲವನ್ನು 1998 ಎಂದು ಇಟ್ಟುಕೊಂಡೆ. ಮೊಬೈಲ್ ಇದ್ದರೆ ಅರ್ಧ ರೋಚಕತೆ ಹೋಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಚಿಕ್ಕಮಗಳೂರಿನ ಒಬ್ಬ ವಕೀಲೆ ಹೇಳಿಕೊಟ್ಟರು. ಗೌರಿಯ ಅಣ್ಣನಿಗೆ ತಂಗಿಯ ಮೇಲೆ ಯಾಕೆ ಅಷ್ಟು ಕಣ್ಣು ಎಂದು ನಾನು ಪರದಾಡುತ್ತಿದ್ದೆ. ಬರೀ ಮಾನ ಮರ್ಯಾದೆ ಎಂದರೆ ಕಥೆ ತೆಳ್ಳಗಾಗುತ್ತಿತ್ತು. ಆಗ ಅವರು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮಪಾಲು ಎಂಬ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಇಡೀ ದೇಶಕ್ಕೆ 2005ರಲ್ಲಿ ಬಂದಿರಬಹುದು, ಕರ್ನಾಟಕದಲ್ಲಿ ಅದು 1994ರ ಜುಲೈ 30ರಿಂದಲೇ ಇತ್ತು, ಅದಕ್ಕಿಂತ ಮೊದಲೇ ಮದುವೆಯಾದವರಿಗೆ ಮಾತ್ರ ಇರಲಿಲ್ಲ ಎಂದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. 1998ರಲ್ಲಿ ಮದುವೆಯಾಗದ ಗೌರಿ ತೋಟದ ಪಾಲುದಾರಳು. ಮದುವೆಯ ಗಲಾಟೆಯಲ್ಲಿ ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಆಯಿತು. ಸಹಿ ಹಾಕಲು ಒಲ್ಲೆನೆಂದರೆ? ಗಾಳಿ ಸೋಕಿದೆ ಎಂದರೆ ಆಯಿತು. ಗಾಳಿ ಸೋಕಿದವಳ ಮಾತನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಅಜ್ಜ ಮುಳುಗಡೆಯವರಿಗೆ ಮಾಡಿದ್ದನ್ನು ಮೊಮ್ಮಗ ತಂಗಿಗೆ ಮಾಡುತ್ತಾನೆ, ಮತ್ತೆ ಕಾಗದದ ಮೂಲಕವೇ. ದೆವ್ವಕ್ಕೂ ಗೌರಿಗೂ ಇರುವ ನಂಟು ಅಲ್ಲಿದೆ. ಈ ಒಂದು ಎಳೆ ಸಿಕ್ಕ ದಿನ ನಾನು ಆಜಾದ್ ಪಾರ್ಕಿನ ತನಕ ನಡೆದುಕೊಂಡೇ ಬಂದೆ, ಮಳೆ ಬರುತ್ತಿತ್ತು, ಕೊಡೆ ಬಿಚ್ಚಲು ಮರೆತಿದ್ದೆ.

ಇನ್ನು ಭಾಷೆ. ಹೆಚ್ಚು ಕಾಲ ತೆಗೆದುಕೊಂಡದ್ದು ಅದೇ.

ಹೆದರಿಸುವ ವಾಕ್ಯಗಳಲ್ಲಿ ನಾನು ತುಂಬ ‘ಅಂತೆ’ ಬಳಸುತ್ತಿದ್ದೆ. ಯಾರೋ ನಿಂತಂತಾಯಿತು, ಬಾಗಿಲು ಸರಿದಂತೆ ಕೇಳಿಸಿತು, ಉಸಿರು ತಾಗಿದಂತೆ ಭಾಸವಾಯಿತು. ಓದುವವರಿಗೆ ಅದು ಕೈ ಹಿಡಿದು ‘ಹೆದರಬೇಡಿ, ಇದು ಭ್ರಮೆ ಇರಬಹುದು’ ಎಂದ ಹಾಗೆ. ಒಂದು ಭಾನುವಾರ ಕೆಂಪು ಪೆನ್ನು ಹಿಡಿದು ಎಲ್ಲ ‘ಅಂತೆ’ಗಳನ್ನೂ ಹೊಡೆದುಹಾಕಿದೆ. ‘ಬಚ್ಚಲಿನ ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.’ ಅಷ್ಟೇ ಸಾಕಾಯಿತು.

ನಮ್ಮ ಕಡೆ ಹಿರಿಯರು ಮನೆಯ ಹುಡುಗಿಯನ್ನು ‘ಬಂತು, ಹೋಯಿತು’ ಎಂದೇ ಹೇಳುತ್ತಾರೆ. ಹುಡುಗಿ ಬಂತು, ಊಟ ಮಾಡಿತು, ಮಲಗಿತು. ದೆವ್ವಕ್ಕೂ ಅದೇ ಕ್ರಿಯಾಪದ. ಇದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದರೂ ಬರೆಯುವಾಗಲೇ ಕಿವಿಗೆ ಬಿದ್ದದ್ದು. ಗೌರಿಯ ಅಜ್ಜಿಗೆ ಪಾರ್ಶ್ವವಾಯು, ಲಿಲ್ಲಿ ದಿನಾ ಇಂಜೆಕ್ಷನ್ ಕೊಡಲು ಬರುತ್ತಾಳೆ. ಅಜ್ಜಿ ಒಂದು ಬೆಳಿಗ್ಗೆ ಹೇಳುತ್ತಾರೆ: “ರಾತ್ರಿ ಬಂತು. ನೀರು ಕೇಳಿತು. ಕೊಡುವಷ್ಟರಲ್ಲಿ ಹೋಯಿತು.” ಮನೆಯವರು ಗೌರಿ ಎಂದುಕೊಳ್ಳುತ್ತಾರೆ. ಗೌರಿ ಆ ರಾತ್ರಿ ಮನೆಯಲ್ಲೇ ಇರಲಿಲ್ಲ ಎಂಬುದು ಲಿಲ್ಲಿಗೆ ಮಾತ್ರ ಗೊತ್ತು. ಅದನ್ನು ಹೇಳಿದರೆ ಎಲ್ಲಿದ್ದಳು ಎಂದೂ ಹೇಳಬೇಕಾಗುತ್ತದೆ. ಅಲ್ಲಿಯವರೆಗೆ ನನ್ನ ಕಾದಂಬರಿಯಲ್ಲಿ ಒಂದು ಅಧ್ಯಾಯ ಪ್ರೀತಿ, ಒಂದು ಅಧ್ಯಾಯ ಭಯ ಎಂದು ಎರಡು ಪುಸ್ತಕಗಳನ್ನು ಹೊಲಿದ ಹಾಗಿತ್ತು. ಅಜ್ಜಿಯ ಆ ಮೂರು ಸಣ್ಣ ವಾಕ್ಯಗಳಿಂದ ಅವು ಒಂದಾದವು. ಅಲ್ಲಿಂದ ಮುಂದೆ ಅವರಿಬ್ಬರೂ ಹತ್ತಿರವಾದ ಪ್ರತಿ ರಾತ್ರಿಯೂ ದೆವ್ವದ ಒಂದು ಸುಳಿವನ್ನು ಕೊಡುತ್ತದೆ. ಪ್ರತಿ ಸುಳಿವನ್ನೂ ಬಾಯಿ ಬಿಟ್ಟು ಹೇಳಿದರೆ ಅವರ ಗುಟ್ಟು ರಟ್ಟಾಗುತ್ತದೆ.

ಪ್ರೀತಿಯ ಭಾಷೆಗೆ ಇನ್ನೂ ಕಷ್ಟಪಟ್ಟೆ. ಪತ್ರಿಕೆಗಳು ಬಳಸುವ ‘ಸಲಿಂಗಕಾಮ’ ಎಂಬ ಪದವನ್ನು 1998ರ ಮೂಡಿಗೆರೆಯ ಇಬ್ಬರು ಹುಡುಗಿಯರು ತಮ್ಮ ಬಗ್ಗೆ ಹೇಳಿಕೊಳ್ಳಲಾರರು. ಅದರಲ್ಲಿ ಕಾಮವಿದೆ, ಸಂಜೆ ಕಾಯುವುದು ಇಲ್ಲ, ಜ್ವರ ಬಂದಾಗ ಗಂಜಿ ಕಾಯಿಸುವುದು ಇಲ್ಲ. ಮೈಯ ಬಗ್ಗೆ ಬರೆಯಹೊರಟರೆ ಒಂದು ಕಡೆ ಹಳೆಯ ಕಾವ್ಯದ ಅಧರ, ಬಾಹುಗಳು, ಇನ್ನೊಂದು ಕಡೆ ಬೈಗುಳ. ತುಟಿ, ಕೈ, ಬೆನ್ನು, ಕುತ್ತಿಗೆ ಎಂಬ ಮನೆಮಾತುಗಳಲ್ಲೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಒಂದೇ ಒಂದು ಮುತ್ತಿನ ದೃಶ್ಯವನ್ನು ಹನ್ನೊಂದು ಸಲ ಬರೆದೆ.

ಆದರೆ ಪುಸ್ತಕದ ನಿಜವಾದ ಪ್ರಣಯ ದೃಶ್ಯದಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಗೌರಿಗೆ ಲಿಲ್ಲಿ ‘ಸಿಸ್ಟರ್’. ಲಿಲ್ಲಿಗೆ ಗೌರಿ ಸಾಹುಕಾರರ ಮಗಳು, ‘ಅಮ್ಮನವರು’. ಇಬ್ಬರ ನಡುವೆ ‘ನೀವು’. ಈ ‘ನೀವು’ ಯಾವಾಗ ‘ನೀನು’ ಆಗಬೇಕು ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಬೇಲೂರಿನ ಬಸ್ ನಿಲ್ದಾಣದಲ್ಲಿ ಮಾಡಿಸಿ ನೋಡಿದೆ, ಕಾಗದ ಬರೆಸಿ ನೋಡಿದೆ, ಎಲ್ಲ ನಾಟಕವಾಗುತ್ತಿತ್ತು. ಕೊನೆಗೆ ಅದು ಕಾಫಿ ಕಣದಲ್ಲಿ ಸಿಕ್ಕಿತು. ಡಿಸೆಂಬರಿನ ರಾತ್ರಿ ಅಕಾಲದ ಮಳೆ ಮೇಲೆದ್ದು ಬರುತ್ತದೆ. ಕಣದ ತುಂಬ ಹರವಿದ ಕಾಫಿ. ಕೂಲಿಯವರ ಲೈನ್ ಮನೆಗಳಿಂದ ಜನ ಓಡಿಬರುತ್ತಾರೆ, ಲಾಟೀನು ಗಾಳಿಗೆ ಆರಿಹೋಗುತ್ತದೆ. ಗೌರಿ ಟಾರ್ಪಾಲಿನ ಒಂದು ಅಂಚು ಹಿಡಿದು ಕತ್ತಲಲ್ಲಿ ಕೂಗುತ್ತಾಳೆ: “ಆ ಕಡೆ ಹಿಡಿ! ಬಿಡಬೇಡ, ಎಳೆ!” ಆ ಕಡೆಯ ಅಂಚಿನಲ್ಲಿ ಇರುವವಳು ಲಿಲ್ಲಿ. ಕಾಫಿ ಮುಚ್ಚಿ, ಅಂಚಿಗೆ ಕಲ್ಲು ಹೇರಿ, ಜನ ಎಲ್ಲ ಚಾವಣಿ ಸೇರಿದ ಮೇಲೆ ಇಬ್ಬರೂ ಒದ್ದೆಯಾಗಿ ಟಾರ್ಪಾಲಿನ ಎರಡು ತುದಿಗಳಲ್ಲಿ ನಿಂತಿದ್ದಾರೆ.

“ಕ್ಷಮಿಸಿ ಸಿಸ್ಟರ್, ಕತ್ತಲಲ್ಲಿ ನೀವೆಂದು ಗೊತ್ತಾಗಲಿಲ್ಲ.”

“ಇನ್ನು ಮೇಲೆ ಹಾಗೆಯೇ ಕರೆಯಿರಿ.”

“ಹಾಗೆಂದರೆ?”

“ಹಿಡಿ, ಬಿಡಬೇಡ ಎಂದಿರಲ್ಲ. ಹಾಗೆ.”

ಇದನ್ನು ಬರೆದ ರಾತ್ರಿ ನಾನು ಬಹಳ ಹೊತ್ತು ಅತ್ತೆ. ನನ್ನ ಜೊತೆ ಬದುಕುವ ಇವಳನ್ನು ಎಬ್ಬಿಸಿ ಓದಿ ಹೇಳಿದೆ. ಇವಳು ಕತ್ತಲಲ್ಲೇ ಕೈ ಚಾಚಿ ನನ್ನ ಕೈ ಹಿಡಿದು, ಏನೂ ಹೇಳದೆ ಮತ್ತೆ ನಿದ್ದೆ ಹೋದಳು.

ಅವರಿಬ್ಬರನ್ನೂ ಬದುಕಿಸಬೇಕು ಎಂದು ನಾನು ಲೆಡ್ಜರಿನ ರಟ್ಟಿನ ಮೇಲೆಯೇ ಬರೆದಿಟ್ಟುಕೊಂಡಿದ್ದೆ. ಆದರೆ ರೋಚಕ ಕಾದಂಬರಿಯಲ್ಲಿ ಯಾರೂ ಅಪಾಯಕ್ಕೆ ಸಿಗದಿದ್ದರೆ ಓದುವವರ ಎದೆ ಹೊಡೆದುಕೊಳ್ಳುವುದಿಲ್ಲ. ಮಂತ್ರವಾದಿಯ ಅಧ್ಯಾಯವನ್ನು ಬರೆಯಲೇಬೇಕಿತ್ತು. ಮೆಣಸಿನಕಾಯಿಯ ಹೊಗೆ, ಬೇವಿನ ಬರಲು, ಕರ್ಪೂರ. ಮೂರು ವಾರ ಆ ಅಧ್ಯಾಯದ ಸುತ್ತ ತಿರುಗಿದೆ. ನನ್ನ ಪಕ್ಕದ ಮಂಚದವಳ ನೋವನ್ನು ನಾನು ಮಾರುತ್ತಿದ್ದೇನೆಯೇ ಎಂಬ ಪ್ರಶ್ನೆ ಬಿಡಲಿಲ್ಲ. ಕೊನೆಗೆ ಮಂತ್ರವಾದಿಯ ಕೈ ಏನು ಮಾಡುತ್ತದೆ ಎಂದು ಬರೆಯದೆ, ಗೌರಿ ಆ ಹೊತ್ತಿನಲ್ಲಿ ಏನನ್ನು ಎಣಿಸುತ್ತಿದ್ದಾಳೆ ಎಂದಷ್ಟೇ ಬರೆದೆ. ಅವಳು ಹೆಂಚುಗಳನ್ನು ಎಣಿಸುತ್ತಾಳೆ. ಹೊಗೆಯಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಾಳೆ. ಹೊರಗೆ ಹಂಡೆಯ ನೀರು ತಾನಾಗಿ ಅಲುಗಲು ತೊಡಗುತ್ತದೆ. ಮುಂದಿನದನ್ನು ಓದದವರಿಗಾಗಿ ಇಲ್ಲಿ ಹೇಳುವುದಿಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಈಗ ಕರ್ನಾಟಕದಲ್ಲಿ ಅಪರಾಧ. 2017ರಲ್ಲಿ ಅಂಗೀಕಾರವಾದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯಿದೆ 2020ರಿಂದ ಜಾರಿಯಲ್ಲಿದೆ. ಮುನ್ನುಡಿಯಲ್ಲಿ ಇದನ್ನು ಬರೆದಿದ್ದೇನೆ. ಯಾರಾದರೂ ಒಬ್ಬಳು ಓದಿ ಪೊಲೀಸ್ ಠಾಣೆಯಲ್ಲಿ ಆ ಕಾಯಿದೆಯ ಹೆಸರು ಹೇಳಲಿ ಎಂಬ ಆಸೆ.

ಕೊನೆಯ ಅಧ್ಯಾಯ ತಿದ್ದುತ್ತಿದ್ದಾಗ 2023ರ ಅಕ್ಟೋಬರ್ 17 ಬಂತು. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಾವಿಬ್ಬರೂ ಟಿ.ವಿ. ಆರಿಸಿ ಅಡುಗೆ ಮಾಡಿದೆವು. ಆ ವಾರ ನಾನು ಅಂತ್ಯವನ್ನು ಬದಲಿಸಿದೆ. ಮೊದಲು ಗೌರಿ ಮತ್ತು ಲಿಲ್ಲಿ ಬೆಂಗಳೂರಿಗೆ ಬಸ್ಸು ಹತ್ತುತ್ತಿದ್ದರು. ಈಗ ಹತ್ತುವುದಿಲ್ಲ. ಗೌರಿ ತನ್ನ ಪಾಲಿನ ನಾಲ್ಕು ಎಕರೆ ತೋಟದಲ್ಲಿ ಉಳಿಯುತ್ತಾಳೆ, ಲಿಲ್ಲಿಯ ಜೊತೆ. ಓಡಿಹೋಗುವವರು ಅವರೇ ಯಾಕಾಗಬೇಕು?

ಪ್ರಕಾಶಕರ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರು ದೆವ್ವ ಇರಲಿ, ಹುಡುಗಿಯರನ್ನು ಬರೀ ಗೆಳತಿಯರನ್ನಾಗಿ ಮಾಡಿ ಎಂದರು. ಇನ್ನೊಬ್ಬರು ಪ್ರೀತಿ ಗಂಭೀರವಾಗಿದೆ, ದೆವ್ವ ತೆಗೆದರೆ ಒಳ್ಳೆಯ ಸಾಹಿತ್ಯವಾಗುತ್ತದೆ ಎಂದರು. ಇಬ್ಬರಿಗೂ ವಂದಿಸಿ ನಾನೇ ಅಚ್ಚು ಹಾಕಿಸಲು ನಿರ್ಧರಿಸಿದೆ. 272 ಪುಟ. 500 ಪ್ರತಿ. ಪುಸ್ತಕದ ಗುರುತಿಗೆ ಬೇಕಾದ ಐ.ಎಸ್.ಬಿ.ಎನ್. ಸಂಖ್ಯೆಗೆ ಅರ್ಜಿ ಹಾಕಿದೆ, ಅದಕ್ಕೆ ಶುಲ್ಕವಿಲ್ಲ. ನಾನು ಕಂಪ್ಯೂಟರಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿಕೊಂಡಿದ್ದೆ, ಹಾಸನದ ಡಿ.ಟಿ.ಪಿ. ಅಂಗಡಿಯಲ್ಲಿ ಪುಟವಿನ್ಯಾಸಕ್ಕೆ ಹಳೆಯ ಫಾಂಟು. ಪರಿವರ್ತನೆ ಮಾಡಿದ ಕೂಡಲೇ ಅರ್ಕಾವತ್ತುಗಳೆಲ್ಲ ಚದುರಿಹೋದವು. ಕರ್ಪೂರ ಕಪೂರ್ರವಾಗಿತ್ತು. ಸತತ ಆರು ಶನಿವಾರ ಬಸ್ಸು ಹತ್ತಿ ಹೋಗಿ, ಅಲ್ಲಿ ಕೆಲಸ ಮಾಡುವ ಹುಡುಗಿಯ ಪಕ್ಕ ಸ್ಟೂಲಿನ ಮೇಲೆ ಕುಳಿತು ಕರಡು ತಿದ್ದಿದೆ. ಮೊದಲ ದಿನ ಅವಳು ಪರದೆಯನ್ನಷ್ಟೇ ನೋಡುತ್ತಿದ್ದಳು. ನಾಲ್ಕನೇ ಶನಿವಾರ, ನಾನು ಒಳಗೆ ಕಾಲಿಡುವ ಮೊದಲೇ, “ಮೇಡಂ, ಲಿಲ್ಲಿಗೆ ಏನೂ ಆಗುವುದಿಲ್ಲ ತಾನೇ? ಈಗಲೇ ಹೇಳಿಬಿಡಿ, ಮುಂದಿನ ಪುಟ ತೆರೆಯಲು ಕೈ ಬರುತ್ತಿಲ್ಲ” ಎಂದಳು. ಹೇಳಿದೆ. ಅವಳು ನಿಟ್ಟುಸಿರು ಬಿಟ್ಟು ಮೌಸ್ ಹಿಡಿದಳು.

ಬೆನ್ನುಡಿಯಲ್ಲಿ ‘ಇಬ್ಬರು ಹೆಣ್ಣುಮಕ್ಕಳ ಪ್ರೇಮ’ ಎಂದು ಹಾಕಿಸಿದೆ. ಮುನ್ನುಡಿಯಲ್ಲಿ ಒಂದು ಸಲ ಲೆಸ್ಬಿಯನ್ ಎಂಬ ಪದವನ್ನೂ ಬಳಸಿದೆ. ಆ ಪದ ಇಟ್ಟುಕೊಂಡು ಹುಡುಕುವವರಿಗೆ ನಮ್ಮ ಪುಸ್ತಕ ಸಿಗಬೇಕು.

ಅಮ್ಮ ಓದಿದರು. ದಿನಕ್ಕೆ ನಾಲ್ಕು ಪುಟದಂತೆ ಎರಡು ತಿಂಗಳಿಗೂ ಹೆಚ್ಚು ಕಾಲ, ಜಗಲಿಯ ಬೆಳಕಿನಲ್ಲಿ. ಮುಗಿದ ದಿನ, “ಅದಕ್ಕೆ ಕೊನೆಗೂ ಯಾರಾದರೂ ನೀರು ಕೊಟ್ಟರಲ್ಲ, ಪುಣ್ಯ” ಎಂದರು. ಸ್ವಲ್ಪ ಹೊತ್ತಾದ ಮೇಲೆ ಇವಳನ್ನು ಕರೆದು, ಕೊಟ್ಟಿಗೆಹಾರದ ಕಡೆ ಹೋದರೆ ಇಬ್ಬರೂ ನೀರುದೋಸೆ ತಿಂದು ಬನ್ನಿ, ನನಗೂ ಕಟ್ಟಿಸಿಕೊಂಡು ಬನ್ನಿ ಎಂದರು.

ಹಳೆಯ ಸಹಪಾಠಿಯೊಬ್ಬಳನ್ನು ಹಿಡಿದು, ನನ್ನ ಪಕ್ಕದ ಮಂಚದವಳ ವಿಳಾಸ ಪಡೆದೆ. ಪುಸ್ತಕದ ಜೊತೆ ಕಾಗದ ಬರೆದಿಡಲು ಕುಳಿತು ನಾಲ್ಕು ಹಾಳೆ ಹರಿದೆ. ಕೊನೆಗೆ ‘ಅಂದು ಕೇಳಬೇಕಿತ್ತು, ಕೇಳಲಿಲ್ಲ’ ಎಂದಷ್ಟೇ ಮೊದಲ ಪುಟದಲ್ಲಿ ಬರೆದು, ಸ್ವೀಕೃತಿ ಕಾರ್ಡ್ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಹನ್ನೆರಡು ದಿನಗಳ ಮೇಲೆ ಕಾರ್ಡ್ ಮರಳಿ ಬಂತು. ಕಾಗದವಿಲ್ಲ, ಫೋನ್ ಕೂಡ ಬರಲಿಲ್ಲ. ಪಡೆದವರ ಸಹಿ ಎಂಬಲ್ಲಿ ನೀಲಿ ಪೆನ್ನಿನಲ್ಲಿ ಅವಳ ಹೆಸರು, ಕನ್ನಡದಲ್ಲಿ. ತಲಕಟ್ಟುಗಳು ಅಕ್ಷರಕ್ಕೆ ತಾಗಿರಲಿಲ್ಲ.